ಹಳೆಯ ಗಣಕಕ್ಕೆ ಮರುಜೀವ

ಗಟ್ಟಿಮುಟ್ಟಾದ ಗಣಕವನ್ನು ಹಳೆಯದಾಯಿತೆಂದು ಗುಜರಿಗೆ ಹಾಕಬೇಕೆ? ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ಕೊನೆಗೊಂಡಂದಿನಿಂದ ಅನೇಕ ಗೃಹಸ್ಥರನ್ನು ಕಾಡುತ್ತಿರುವ ಪ್ರಶ್ನೆಯಿದು.

ವಿಂಡೋಸ್ ೧೧ಕ್ಕೆ ಟಿ.ಪಿ.ಎಮ್. ೨.೦ ಎಂಬ ರಕ್ಷಣಾಂಗವೂ ಅಂಗೀಕೃತ ಪ್ರೊಸೆಸರೂ ಅವಶ್ಯ. ಇಂಟೆಲಿನ ಏಳನೆಯ ಪೀಳಿಗೆಯವರೆಗಿನವು ಬಹುಮಟ್ಟಿಗೆ ಆ ಪಟ್ಟಿಗೆ ಹೊರಗು. ಅಡ್ಡದಾರಿಯಿಂದ ಸ್ಥಾಪಿಸಬಹುದಾದರೂ ಮುಂದಿನ ಪರಿಷ್ಕರಣಗಳು ದೊರೆಯುವ ಭರವಸೆಯಿಲ್ಲ. ಪರಿಷ್ಕರಣವಿಲ್ಲದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಹಣವಿಟ್ಟಂತೆ.

ಇಂತಹವರಿಗೆ ಲಿನಕ್ಸ್ ಮಿಂಟ್ ಯೋಗ್ಯವಾದ ದಾರಿ. ಅದಕ್ಕೆ ಬೆಲೆಯಿಲ್ಲ, ೪ ಜಿ.ಬಿ. ರ‍್ಯಾಮ್ ಇದ್ದರೆ ಸಾಕು. ಮೊದಲು ಪೆನ್‌ಡ್ರೈವಿನಿಂದಲೇ ನಡೆಯಿಸಿ, ವೈಫೈ, ಪ್ರಿಂಟರ್ ಮುಂತಾದುವನ್ನು ಪರೀಕ್ಷಿಸಬಹುದು. ವಿಂಡೋಸಿಗೆಂದೇ ರಚಿತವಾದ ತಂತ್ರಾಂಶಗಳು ಅಲ್ಲಿ ನಡೆಯದಿರಬಹುದು. ಅದನ್ನೂ ಮೊದಲೇ ವಿಚಾರಿಸಬೇಕು. ಸ್ಥಾಪಿಸುವಾಗ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುವ ಸಂಭವವಿರುವುದರಿಂದ ಭಾವಚಿತ್ರ, ಕಾಗದಪತ್ರಗಳನ್ನು ಮುಂಚಿತವಾಗಿ ಬೇರೆಡೆ ನಕಲಿಸಿಕೊಳ್ಳತಕ್ಕದ್ದು. ಯಂತ್ರಕ್ಕೆ ಬದಲಿ ಉಂಟು, ಕಳೆದುಹೋದ ನೆನಪುಗಳಿಗಿಲ್ಲ.