ಬೆರಳಿನ ಯಂತ್ರ ಹೇಳದ ಮಾತು

ದವಾಖಾನೆಯಲ್ಲಿ ನಮ್ಮ ಬೆರಳಿಗೆ ಕ್ಲಿಪ್ಪಿನಂಥ ಆಕ್ಸಿಮೀಟರನ್ನು ಸಿಕ್ಕಿಸುತ್ತಾರೆ. 98 ಎಂದು ತೋರಿದರೆ ನಾವು ನಿಶ್ಚಿಂತರಾಗುತ್ತೇವೆ. ಆ ಅಂಕಿ ಯಾವುದರ ಲೆಕ್ಕ?

ಆಮ್ಲಜನಕವು ನೆತ್ತರಿನಲ್ಲಿ ಕರಗುವುದು ಬಹಳ ಕಡಮೆ. ನೂರು ಮಿಲಿಲೀಟರ್ ನೆತ್ತರು ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಒಯ್ದರೆ, ಕರಗಿರುವುದು 0.3 ಮಾತ್ರ. ಉಳಿದುದನ್ನೆಲ್ಲ ಹೊರುವ ಹಮಾಲಿಯೆಂದರೆ ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್. ಹೊರೆ ಹೊತ್ತಾಗ ಅದು ಹೊಳೆಯುವ ಕೆಂಪು, ಇಳಿಸಿದಾಗ ಕಪ್ಪುಗೆಂಪು. ನೂರರಲ್ಲಿ ಎಷ್ಟು ಪಾಲು ಹೊರೆ ಹೊತ್ತಿದೆಯೆಂಬುದೇ ಯಂತ್ರದ ಅಂಕಿ.

ಜಪಾನಿನ ಇಂಜಿನಿಯರ್ ತಕುವೊ ಅಯೊಯಾಗಿಯವರು 1974ರಲ್ಲಿ ಇದರ ಉಪಾಯವನ್ನು ಪ್ರಕಟಿಸಿದರು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನಲ್ಲಿ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನಷ್ಟೇ ಅಳೆಯುವುದು. ಚರ್ಮವೂ ಮೂಳೆಯೂ ಮಿಡಿಯುವುದಿಲ್ಲವಾಗಿ ಅವು ಲೆಕ್ಕಕ್ಕೆ ಬಾರವು. ಜಾಣತನದ ಉಪಾಯವೇ ಸರಿ.

ಆದರೂ ಇದು ಮೋಸಹೋಗುವುದುಂಟು. ದೆಹಲಿಯ ಚಳಿಯಲ್ಲಿ ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿ ಮಲಗುವ ನಮ್ಮವರು ಇದನ್ನು ಅರಿತಿರಬೇಕು. ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಅಂಗೀಠಿ ಇಟ್ಟರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟುತ್ತದೆ. ಹಾಗೆ ಅಂಟಿದ ನೆತ್ತರೂ ಕೆಂಪಾಗಿಯೇ ಇರುವುದರಿಂದ ಯಂತ್ರ 98 ಎಂದೇ ತೋರಿಸಬಹುದು. ದೇಹಕ್ಕೆ ಮಾತ್ರ ಆಮ್ಲಜನಕ ಸಾಲದು.

ತಲೆನೋವು, ವಾಕರಿಕೆ, ಮಂಪರು ಕಂಡೊಡನೆ ಎಲ್ಲರೂ ಹೊರಗಿನ ಗಾಳಿಗೆ ಬಂದು ಆಸ್ಪತ್ರೆ ಸೇರಬೇಕು. ಅಂಗೀಠಿಯ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನೆತ್ತರನ್ನು ತೆಗೆದು ಬೇರೆ ಯಂತ್ರದಲ್ಲಿ ಪರೀಕ್ಷಿಸಿದರೆ ಈ ಅನಿಲದ ಪ್ರಮಾಣ ಸರಿಯಾಗಿ ತಿಳಿಯುತ್ತದೆ.