ಲೇಸರ್ ಬಂದರೂ ಕೊಳವೆ ಅದೇ

"ಕೊಯ್ತವಿಲ್ಲ, ನೋವಿಲ್ಲ, ಲೇಸರ್‌ನಿಂದ ಬೊಜ್ಜು ಮಾಯ." ಕಾಸ್ಮೆಟಿಕ್ ಕ್ಲಿನಿಕ್‌ಗಳ ಇಂಥ ಜಾಹೀರಾತು ಓದಿದವರಿಗೆ, ಹಳೆಯ ಲಿಪೊಸಕ್ಷನ್ (ಕೊಬ್ಬು ಹೀರುವ ಚಿಕಿತ್ಸೆ) ಎಂದರೆ ರಕ್ತ ಸುರಿಯುವ ಆಪರೇಷನ್, ಹೊಸದೆಂದರೆ ಬೆಳಕು ಹಾಯಿಸಿ ಕೊಬ್ಬು ಕರಗಿಸುವ ವಿದ್ಯೆ ಅನ್ನಿಸುವುದು ಸಹಜ. ಎರಡೂ ಸರಿಯಲ್ಲ.

ಲೇಸರ್ ಲಿಪೊಸಕ್ಷನ್‌ನಲ್ಲಿ ಬೆಳಕು ಹೊರಗಿನಿಂದ ಬೀಳುವುದಿಲ್ಲ. ಚರ್ಮದಲ್ಲಿ ಕೆಲವು ಮಿಲಿಮೀಟರ್ ಸೀಳು ಮಾಡಿ, ಅದರ ಮೂಲಕ ತೆಳುವಾದ ಫೈಬರ್ ಒಳಗೆ ತೂರಿಸಿ ಕೊಬ್ಬನ್ನು ಬಿಸಿ ಮಾಡುತ್ತಾರೆ. ವೇಸರ್ ಎಂಬ ವಿಧಾನದಲ್ಲಿ ಕೊಬ್ಬನ್ನು ಸಡಿಲಿಸುವುದು ಶ್ರವಣಾತೀತ ತರಂಗ. ಪವರ್ ಅಸಿಸ್ಟೆಡ್ ವಿಧಾನದಲ್ಲಿ ಕೊಳವೆಯೇ ಅದುರುತ್ತದೆ, ಇನ್ನೊಂದರಲ್ಲಿ ನೀರಿನ ಚಿಲುಮೆ ಕೊಬ್ಬನ್ನು ಸಡಿಲಿಸುತ್ತದೆ. ಹೀಗೆ ಸಡಿಲವಾದದ್ದನ್ನು ಬಹುಪಾಲು ಸಂದರ್ಭಗಳಲ್ಲಿ ಹೊರಗೆಳೆಯುವುದು ಮಾತ್ರ ಕ್ಯಾನ್ಯುಲಾ ಎಂಬ ಅದೇ ಹಳೆಯ ಕೊಳವೆ. ಅರಿವಳಿಕೆ, ಬಾವು, ನೋವು, ವಾರಗಟ್ಟಲೆ ಬಿಗಿ ಉಡುಪು, ಯಾವುದೂ ತಪ್ಪುವುದಿಲ್ಲ. ಇದು ಶಸ್ತ್ರಚಿಕಿತ್ಸೆಯೇ.

ಹಾಗಾದರೆ ರಕ್ತದ ಭಯ ಎಲ್ಲಿಂದ ಬಂತು? ಅದಕ್ಕೆ ಚರಿತ್ರೆಯಲ್ಲಿ ಆಧಾರವಿದೆ. 1920ರ ದಶಕದಲ್ಲಿ ಪ್ಯಾರಿಸ್‌ನ ಶಸ್ತ್ರಚಿಕಿತ್ಸಕ ಶಾರ್ಲ್ ದುಜಾರಿಯೆ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದರು. ರಕ್ತನಾಳಕ್ಕೆ ಪೆಟ್ಟಾಗಿ ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. 1970ರ ದಶಕದಲ್ಲಿ ಇಟಲಿಯ ಫಿಷರ್ ತಂದೆ-ಮಗ ಟೊಳ್ಳು ಕೊಳವೆಯಿಂದ ಕೊಬ್ಬು ಹೀರುವ ದಾರಿ ಕಂಡುಕೊಂಡರು. ಫ್ರಾನ್ಸ್‌ನ ಈವ್-ಜೆರಾರ್ ಇಲ್ಲೂಜ್ ಮೊಂಡು ತುದಿಯ ಕೊಳವೆ ಬಳಸಿ ಅದನ್ನು ಪಳಗಿಸಿದರು. ಆದರೂ ದ್ರವ ತುಂಬದೆ 'ಒಣ'ದಾಗಿ ಮಾಡಿದಾಗ, ಹೀರಿ ತೆಗೆದದ್ದರಲ್ಲಿ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ರಕ್ತವೇ ಇರುತ್ತಿತ್ತು.

ನಿಜವಾದ ತಿರುವು ಯಂತ್ರದಿಂದ ಬರಲಿಲ್ಲ, ನೀರಿನಿಂದ ಬಂತು. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಟ್ಯುಮೆಸೆಂಟ್ ವಿಧಾನವನ್ನು ಪ್ರಕಟಿಸಿದರು. ಉಪ್ಪುನೀರಿಗೆ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿ, ಕೊಬ್ಬಿನ ಪದರ ಉಬ್ಬಿ ಗಟ್ಟಿಯಾಗುವಷ್ಟು ತುಂಬುವುದು ಇದರ ಕ್ರಮ. ಲಿಡೊಕೇನ್ ಜಾಗವನ್ನು ಮರಗಟ್ಟಿಸುತ್ತದೆ, ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತನಷ್ಟ ಹೀರಿದ್ದರ ಶೇಕಡಾ ಒಂದರ ಆಸುಪಾಸಿಗೆ ಇಳಿಯಿತು. ಇಂದು 'ಸಾಂಪ್ರದಾಯಿಕ' ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿರುವುದು ಬಹುಮಟ್ಟಿಗೆ ಈ ಸುಧಾರಿತ ವಿಧಾನವೇ. ಲೇಸರ್, ವೇಸರ್ ಕೂಡ ಇದೇ ದ್ರವವನ್ನು ನಂಬಿ ನಿಂತಿವೆ.

ಹೊಸ ಯಂತ್ರಗಳಿಂದ ಪ್ರಯೋಜನವಿಲ್ಲವೆಂದಲ್ಲ. ಬೆನ್ನು, ಗಂಡಸರ ಎದೆ, ಹಿಂದೊಮ್ಮೆ ಆಪರೇಷನ್ ಆಗಿ ಗಂಟುಗಟ್ಟಿದ ಜಾಗ, ಇಂಥ ನಾರುನಾರಾದ ಕಡೆ ಶ್ರವಣಾತೀತ ತರಂಗ ಕೆಲಸವನ್ನು ಹಗುರ ಮಾಡುತ್ತದೆ. ಅದುರುವ ಕೊಳವೆಯಿಂದ ವೈದ್ಯರ ಕೈಗೆ ದಣಿವು ಕಡಿಮೆ. ಆದರೆ ಶಾಖವಿದ್ದಲ್ಲಿ ಸುಟ್ಟಗಾಯದ ಅಪಾಯವೂ ಇದೆ. ಹೊಸದೆಲ್ಲ ಹೆಚ್ಚು ಸುರಕ್ಷಿತ ಎನ್ನುವುದು ಜಾಹೀರಾತಿನ ಮಾತು.

ಇನ್ನೊಂದು ಗಟ್ಟಿ ನಂಬಿಕೆ, ಬೊಜ್ಜು ತೆಗೆಸಿದರೆ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಇಳಿಯುತ್ತವೆ ಎಂಬುದು. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಸ್ಥೂಲಕಾಯದ 15 ಮಹಿಳೆಯರ ಹೊಟ್ಟೆಯಿಂದ ತಲಾ ಸುಮಾರು 10 ಕಿಲೋ ಕೊಬ್ಬು ತೆಗೆದರು. ಎರಡೂವರೆ ತಿಂಗಳ ಬಳಿಕ ನೋಡಿದರೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ, ಯಾವುದರಲ್ಲೂ ಗಮನಾರ್ಹ ಬದಲಾವಣೆ ಇರಲಿಲ್ಲ. ಕೊಳವೆ ಮುಟ್ಟುವುದು ಚರ್ಮದಡಿಯ ಕೊಬ್ಬನ್ನಷ್ಟೇ. ಯಕೃತ್ತು, ಕರುಳಿನ ಸುತ್ತ ಕೂತು ಕಾಯಿಲೆ ತರುವ ಕೊಬ್ಬಿಗೆ ಅದು ತಲುಪದು. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಎಷ್ಟೋ ಮಂದಿಯ ತೊಂದರೆ ಈ ಒಳಗೊಬ್ಬಿನದೇ. ಅವರಿಗೆ ಯಾವ ಲೇಸರೂ ಉತ್ತರವಲ್ಲ.

ತೆಗೆದ ಕೊಬ್ಬು ಮತ್ತೆ ಬಾರದೆಂಬ ಭರವಸೆಯೂ ಪೊಳ್ಳು. ತೊಡೆ ಮತ್ತು ಕೆಳಹೊಟ್ಟೆಯ ಕೊಬ್ಬು ತೆಗೆಸಿಕೊಂಡ ಮಹಿಳೆಯರನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವರ್ಷ ಗಮನಿಸಿ 2011ರಲ್ಲಿ ವರದಿ ಮಾಡಿದರು. ಒಟ್ಟು ಕೊಬ್ಬು ಮರಳಿತ್ತು. ತೊಡೆಗಲ್ಲ, ಮುಖ್ಯವಾಗಿ ಹೊಟ್ಟೆಗೆ.

ಕೊಳವೆಯೇ ಇಲ್ಲದ ವಿಧಾನವೂ ಇದೆ: ಕೊಬ್ಬನ್ನು ಹೊರಗಿನಿಂದ ತಣ್ಣಗಾಗಿಸಿ ಕೊಲ್ಲುವ ಕೂಲ್‌ಸ್ಕಲ್ಪ್ಟಿಂಗ್. ಅಮೆರಿಕದಲ್ಲಿ 2010ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಇದರಲ್ಲೂ ಅಪರೂಪಕ್ಕೆ ಕೊಬ್ಬು ಕರಗುವ ಬದಲು ಬೆಳೆದು ಗಟ್ಟಿಯಾಗುತ್ತದೆ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಹಾಗೆ ಬೆಳೆದ ಕೊಬ್ಬನ್ನು ತೆಗೆಯಲು ಸಾಮಾನ್ಯವಾಗಿ ಮತ್ತೆ ಲಿಪೊಸಕ್ಷನ್‌ಗೇ ಹೋಗಬೇಕು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳುವ ಚಿಕಿತ್ಸೆಯ ನಂತರ ತೀರಿಕೊಂಡರು. ಇಂಥ ಚಿಕಿತ್ಸೆಯನ್ನು ಬ್ಯೂಟಿ ಪಾರ್ಲರ್ ಕೆಲಸದಂತೆ ಹಗುರವಾಗಿ ಕಾಣುವವರು ಆ ಸುದ್ದಿಯನ್ನು ಮರೆಯಬಾರದು. ಶ್ವಾಸಕೋಶಕ್ಕೆ ಕೊಬ್ಬು ಅಥವಾ ಹೆಪ್ಪುಗಟ್ಟಿದ ರಕ್ತ ಸೇರುವುದು, ಕರುಳಿಗೆ ತೂತು ಬೀಳುವುದು, ಲಿಡೊಕೇನ್ ಅತಿಯಾಗಿ ವಿಷವಾಗುವುದು, ಈ ಅಪಾಯಗಳು ವಿರಳ, ಆದರೆ ಮಾರಕವಾಗಬಲ್ಲವು. ಒಂದೇ ಸಲಕ್ಕೆ ಐದು ಲೀಟರ್‌ಗಿಂತ ಹೆಚ್ಚು ಹೀರಿದರೆ ರೋಗಿಯನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲೇ ಕಣ್ಣಿಟ್ಟು ನೋಡಬೇಕು.

ಆದ್ದರಿಂದ ಯಾವ ಬ್ರ್ಯಾಂಡಿನ ಯಂತ್ರ ಎಂಬುದಕ್ಕಿಂತ ಮೊದಲು ಬೇರೆ ಪ್ರಶ್ನೆಗಳಿವೆ. ಕೊಳವೆ ಹಿಡಿಯುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ, ಅರಿವಳಿಕೆ ತಜ್ಞರು ಕೊನೆಯವರೆಗೂ ಪಕ್ಕದಲ್ಲಿರುತ್ತಾರೆಯೇ, ಉಸಿರು ತಪ್ಪಿದರೆ ಐಸಿಯು ಅದೇ ಕಟ್ಟಡದಲ್ಲಿದೆಯೇ? ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರ ನಡೆಸಲು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಕಡ್ಡಾಯ. ಮುಂಗಡ ಹಣ ಕಟ್ಟುವ ಮುನ್ನವೇ ಆ ಪ್ರಮಾಣಪತ್ರವನ್ನು ಕೇಳಿ ನೋಡಬಹುದು.