ಕೊಂಡ ಆಟ ಯಾರ ಸ್ವತ್ತು?

ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರಲ್ಲಿ ‘ದಿ ಕ್ರ್ಯೂ’ ಎಂಬ ಕಾರ್ ಓಟದ ವಿಡಿಯೊ ಆಟವನ್ನು ಹೊರತಂದಿತು. ಒಬ್ಬರೇ ಕುಳಿತು ಆಡಿದರೂ ಅಂತರ್ಜಾಲದ ಮೂಲಕ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕಿತ್ತು. 2024ರ ಮಾರ್ಚ್ 31ರಂದು ಆ ಸರ್ವರ್‌ಗಳು ನಿಂತವು. ಡಿಸ್ಕನ್ನು ಗೀರೂ ಬೀಳದಂತೆ ಜೋಪಾನ ಮಾಡಿದವರ ಕೈಯಲ್ಲೂ ಉಳಿದದ್ದು ಹೊಳೆಯುವ ಬಿಲ್ಲೆ ಮಾತ್ರ.

ಅಂತರ್ಜಾಲದ ಮಳಿಗೆಗಳಲ್ಲಂತೂ ಡಿಸ್ಕೂ ಇಲ್ಲ. ಅಲ್ಲಿ ದುಡ್ಡು ಕೊಟ್ಟವರಿಗೆ ಸಾಮಾನ್ಯವಾಗಿ ಸಿಗುವುದು ಆಡುವ ಪರವಾನಗಿ, ಒಡೆತನ ಕಂಪನಿಯದೇ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಜಾರಿಗೆ ಬಂತು. ತಿಳಿಸಿದರೆ ಸಾಕು, ಆಟವನ್ನು ಉಳಿಸಬೇಕೆಂದು ಅದು ಹೇಳುವುದಿಲ್ಲ.

‘ದಿ ಕ್ರ್ಯೂ’ ಆಟವನ್ನು ಉಳಿಸಿದವರು ಅಭಿಮಾನಿಗಳು. ಸರ್ವರಿನ ಕೆಲಸ ಮಾಡುವ ತಂತ್ರಾಂಶವನ್ನು ತಾವೇ ಬರೆದು, 2025ರಲ್ಲಿ ಅದರ ಕಂಪ್ಯೂಟರ್ ಪ್ರತಿಗಳಿಗೆ ಮತ್ತೆ ಜೀವ ಕೊಟ್ಟರು.